ಬದಲಾದದ್ದು ರೂಪವೋ, ವಸ್ತುವೋ: ಭೌತಿಕ ಮತ್ತು ರಾಸಾಯನಿಕ ಬದಲಾವಣೆಗಳನ್ನು ಗುರುತಿಸುವ ಬಗೆ

ಒಂದು ವಸ್ತುವಿನ ಆಕಾರ, ಗಾತ್ರ ಅಥವಾ ಸ್ಥಿತಿ ಮಾತ್ರ ಬದಲಾಗಿ ವಸ್ತು ಅದೇ ಆಗಿ ಉಳಿದರೆ ಅದು ಭೌತಿಕ ಬದಲಾವಣೆ. ಮೊದಲಿದ್ದ ವಸ್ತು ಇಲ್ಲವಾಗಿ ಬೇರೆ ಗುಣಗಳುಳ್ಳ ಹೊಸ ವಸ್ತು ಉಂಟಾದರೆ ಅದು ರಾಸಾಯನಿಕ ಬದಲಾವಣೆ. ಕೆಲವು ಪುಸ್ತಕಗಳಲ್ಲಿ ‘ಭೌತ’ ಎಂದೂ ಕೆಲವೆಡೆ ‘ಭೌತಿಕ’ ಎಂದೂ, ‘ಬದಲಾವಣೆ’ಗೆ ಬದಲಾಗಿ ‘ಪರಿವರ್ತನೆ’ ಎಂದೂ ಬರೆದಿರಬಹುದು. ಅರ್ಥ ಒಂದೇ.

ಪಾಠ ಚಿಕ್ಕದಾಗಿ ಕಾಣುತ್ತದೆ. ಆದರೆ ಮುಂದಿನ ತರಗತಿಗಳ ರಸಾಯನಶಾಸ್ತ್ರವೆಲ್ಲ ನಿಲ್ಲುವುದು ಇದರ ಮೇಲೆಯೇ. ಇಲ್ಲಿ ಪಟ್ಟಿಯನ್ನು ಬಾಯಿಪಾಠ ಮಾಡಿ ದಾಟಿದ ವಿದ್ಯಾರ್ಥಿಯು ಮುಂದೆ ಸಮೀಕರಣಗಳನ್ನೂ ಬಾಯಿಪಾಠವೇ ಮಾಡಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮ ಗಡಿಭಾಗದ ಅನೇಕ ಮನೆಗಳಲ್ಲಿ ಒಂದು ಅಂಜಿಕೆ ಇದೆ: ಭಾಷೆ, ಸಮಾಜವನ್ನಾದರೆ ಮನೆಯಲ್ಲಿ ಹೇಳಿಕೊಡಬಹುದು, ವಿಜ್ಞಾನಕ್ಕೆ ಮಾತ್ರ ನಮ್ಮಲ್ಲಿ ಮಾತಿಲ್ಲ ಎಂದು. ಈ ಒಂದು ಪಾಠದ ಮಟ್ಟಿಗಾದರೂ ಆ ಅಂಜಿಕೆಗೆ ಆಧಾರವಿಲ್ಲ. ಸುಣ್ಣ, ಅರಿಶಿನ, ಮೊಸರು, ಕರ್ಪೂರ, ತುಕ್ಕು ಹಿಡಿದ ಮೊಳೆ ಇವಿಷ್ಟೇ ಇದರ ಪ್ರಯೋಗಶಾಲೆ. ಇವುಗಳ ಬಗ್ಗೆ ಅಜ್ಜಿಯರಿಗೆ ತಿಳಿದಿರುವಷ್ಟು ವಿವರ ಎಷ್ಟೋ ಮಾರ್ಗದರ್ಶಿ ಪುಸ್ತಕಗಳಲ್ಲಿಲ್ಲ.

‘ಮರಳಿ ಪಡೆಯಬಹುದೇ’ ಎಂಬ ಸೂತ್ರದ ತೊಡಕು

ಮಕ್ಕಳ ಟಿಪ್ಪಣಿ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವ ವ್ಯತ್ಯಾಸ ಹೀಗಿರುತ್ತದೆ: ಭೌತಿಕ ಬದಲಾವಣೆಯಲ್ಲಿ ಮೊದಲಿನ ವಸ್ತುವನ್ನು ಮರಳಿ ಪಡೆಯಬಹುದು, ರಾಸಾಯನಿಕ ಬದಲಾವಣೆಯಲ್ಲಿ ಪಡೆಯಲಾಗದು. ಮಂಜುಗಡ್ಡೆ ಮತ್ತು ಸುಟ್ಟ ಕಾಗದದ ಉದಾಹರಣೆಗಳಿಗೆ ಇದು ಒಪ್ಪುತ್ತದೆ. ಪ್ರಶ್ನೆಯನ್ನು ಸ್ವಲ್ಪ ಬದಲಿಸಿದರೆ ಕುಸಿಯುತ್ತದೆ.

ತೆಂಗಿನಕಾಯಿಯನ್ನು ತುರಿದ ಮೇಲೆ ಮತ್ತೆ ಇಡಿಯ ಕಾಯಿಯಾಗಿ ಮಾಡಲಾಗದು. ಅಕ್ಕಿಯನ್ನು ಬೀಸಿದರೆ ಹಿಟ್ಟು ಮತ್ತೆ ಅಕ್ಕಿಯಾಗದು. ಹರಿದ ಕಾಗದ, ಸೀಳಿದ ಸೌದೆ, ಒಡೆದ ಮಡಕೆ ಯಾವುದೂ ಹಿಂದಿರುಗುವುದಿಲ್ಲ. ಆದರೂ ಇವೆಲ್ಲ ಭೌತಿಕ ಬದಲಾವಣೆಗಳೇ. ತುರಿಯಲ್ಲಿರುವುದು ಕಾಯಿಯಲ್ಲಿದ್ದ ಅದೇ ವಸ್ತು. ಹಿಟ್ಟಿನಲ್ಲಿರುವುದು ಅಕ್ಕಿಯಲ್ಲಿದ್ದ ಅದೇ ಪಿಷ್ಟ.

ಇದರ ಇನ್ನೊಂದು ಮುಖ ಹೆಚ್ಚು ಕುತೂಹಲಕರ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಆರತಿಯ ತಟ್ಟೆಯ ಓಕುಳಿಯ ಬಣ್ಣ ಬರುವುದು ಹೀಗೆಯೇ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ವಸ್ತು ಸುಣ್ಣದ ಕ್ಷಾರಗುಣದಿಂದ ಬೇರೆ ರೂಪದ ಅಣುವಾಗಿ ಕೆಂಪು ಬಣ್ಣ ತೋರುತ್ತದೆ. ಇದು ರಾಸಾಯನಿಕ ಬದಲಾವಣೆ. ಅದೇ ನೀರಿಗೆ ಆಗಲೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಸಾರಿನ ಕಲೆಯಾದ ಶಾಲೆಯ ಬಿಳಿ ಅಂಗಿಗೆ ಸಾಬೂನು ಹಚ್ಚಿದಾಗ ಕಲೆ ಕೆಂಪಾಗಿ, ನೀರಿನಲ್ಲಿ ಚೆನ್ನಾಗಿ ಜಾಲಿಸಿದ ಮೇಲೆ ಮತ್ತೆ ಹಳದಿಗೆ ತಿರುಗುವುದೂ ಇದೇ ಕಾರಣಕ್ಕೆ. ರಾಸಾಯನಿಕ ಬದಲಾವಣೆಯೊಂದು ಕಣ್ಣೆದುರಿಗೇ ಹಿಂದಿರುಗಿತು.

ಆದುದರಿಂದ ಮಗುವಿಗೆ ಕೇಳಬೇಕಾದ ಮೊದಲ ಪ್ರಶ್ನೆ ‘ಮರಳಿ ಸಿಗುತ್ತದೆಯೇ’ ಎಂದಲ್ಲ. ‘ಹೊಸ ವಸ್ತು ಹುಟ್ಟಿದೆಯೇ’ ಎಂದು.

ಸುಣ್ಣದ ಸುತ್ತು

ಈ ಮಾತಿಗೆ ಸುಣ್ಣಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಪರಿಸರದಲ್ಲಿ ಮತ್ತೊಂದಿಲ್ಲ. ಕರಾವಳಿಯಲ್ಲಿ ಚಿಪ್ಪನ್ನೂ ಒಳನಾಡಿನಲ್ಲಿ ಸುಣ್ಣದ ಕಲ್ಲನ್ನೂ ಸುಟ್ಟು ಸುಣ್ಣ ಮಾಡುತ್ತಿದ್ದುದು ಹಿರಿಯರ ನೆನಪಿನಲ್ಲಿದೆ. ಚಿಪ್ಪಿನ ಬಹುಭಾಗವೂ ಸುಣ್ಣದ ಕಲ್ಲೂ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಅನಿಲ ಹೊರಟುಹೋಗಿ ಸುಟ್ಟ ಸುಣ್ಣ, ಎಂದರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಶುದ್ಧವಾದ 100 ಗ್ರಾಂ ಕಲ್ಲನ್ನು ಪೂರ್ತಿಯಾಗಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿದು 44 ಗ್ರಾಂ ಅನಿಲ ಹೊರಹೋಗುತ್ತದೆ. ಕಲ್ಲು ನೋಟಕ್ಕೆ ಹೆಚ್ಚು ಬದಲಾಗಿರುವುದಿಲ್ಲ, ಆದರೆ ಕೈಗೆ ಹಗುರವಾಗಿರುತ್ತದೆ.

ಆ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಆವಿಯೆದ್ದು, ಕಲ್ಲು ಪುಡಿಯಾಗಿ ಅರಳುತ್ತದೆ. ಒಲೆಯಿಲ್ಲದೆ ಹುಟ್ಟಿದ ಆ ಬಿಸಿ, ನೀರು ಸುಣ್ಣದೊಡನೆ ಸೇರಿ ಹೊಸ ವಸ್ತುವಾಗುವಾಗ ಬಿಡುಗಡೆಯಾದದ್ದು. ಮೇಲಿನ 56 ಗ್ರಾಂ ಸುಣ್ಣವು 18 ಗ್ರಾಂ ನೀರನ್ನು ತನ್ನೊಳಗೆ ಕಟ್ಟಿಕೊಂಡು 74 ಗ್ರಾಂ ಅರಳಿದ ಸುಣ್ಣ, ಎಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಆ ನೀರನ್ನು ಬಟ್ಟೆಯಿಂದ ನೀರು ಹಿಂಡುವಂತೆ ಹಿಂಡಿ ತೆಗೆಯಲಾಗದು. (ಸುಟ್ಟ ಸುಣ್ಣವನ್ನು ಮಕ್ಕಳ ಕೈಗೆ ಕೊಡಬಾರದು. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಇದನ್ನು ಕೇಳಿ ತಿಳಿದರೆ ಸಾಕು.)

ಈಗ ಮೂರನೆಯ ಹಂತ. ಗೋಡೆಗೆ ಬಳಿದ ಸುಣ್ಣ ಒಣಗುತ್ತದೆ ಎನ್ನುತ್ತೇವೆ. ನೀರು ಆರುವುದು ನಿಜ. ಆದರೆ ಗೋಡೆ ಗಟ್ಟಿಯಾಗುವುದು ಅಷ್ಟರಿಂದಲ್ಲ. ಅರಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಆ 74 ಗ್ರಾಂ ಸುಣ್ಣವು 44 ಗ್ರಾಂ ಅನಿಲವನ್ನು ಮರಳಿ ಪಡೆದು, 18 ಗ್ರಾಂ ನೀರನ್ನು ಬಿಟ್ಟು, 100 ಗ್ರಾಂ ಕಲ್ಲೇ ಆಗಿ ನಿಲ್ಲುತ್ತದೆ. ಹೊರಟಲ್ಲಿಗೇ ಬಂದು ಮುಟ್ಟಿತು. ಆದರೆ ದಾರಿಯಲ್ಲಿ ನಡೆದ ಮೂರೂ ರಾಸಾಯನಿಕ ಬದಲಾವಣೆಗಳು.

ಇದರ ಕೊನೆಯ ಹಂತವನ್ನು ಮನೆಯಲ್ಲೇ ನೋಡಬಹುದು. ವೀಳ್ಯದೆಲೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕಲಕಿ, ತಿಳಿ ನೀರನ್ನು ಮಾತ್ರ ಅಗಲವಾದ ಗಾಜಿನ ಬಟ್ಟಲಿಗೆ ಬಗ್ಗಿಸಿ ರಾತ್ರಿಯಿಡೀ ತೆರೆದಿಡಬೇಕು. ಬೆಳಗಿಗೆ ಮೇಲೆ ತೆಳುವಾದ ಬಿಳಿಯ ಪೊರೆ ಕಟ್ಟಿರುತ್ತದೆ. ಗಾಳಿಯಿಂದ ಕಟ್ಟಿದ ಕಲ್ಲಿನ ಪೊರೆ ಅದು. ಇದನ್ನೂ ದೊಡ್ಡವರೇ ಮಾಡಿ ತೋರಿಸುವುದು ಲೇಸು.

ಸುಳಿವುಗಳನ್ನು ಎಷ್ಟು ನಂಬಬೇಕು

ಬಣ್ಣ ಬದಲಾಗುವುದು, ಅನಿಲ ಹೊರಡುವುದು, ಶಾಖ ಅಥವಾ ಬೆಳಕು ಹೊಮ್ಮುವುದು, ತಿಳಿಯಾದ ದ್ರವದಲ್ಲಿ ಗಷ್ಟು ಕೂರುವುದು, ಹೊಸ ವಾಸನೆ ಬರುವುದು – ಇವು ರಾಸಾಯನಿಕ ಬದಲಾವಣೆಯ ಲಕ್ಷಣಗಳೆಂದು ಪಾಠಗಳಲ್ಲಿ ಹೇಳಿರುತ್ತದೆ. ಇವು ಸುಳಿವುಗಳೇ ಹೊರತು ತೀರ್ಪಲ್ಲ. ಗುಳ್ಳೆಗಳನ್ನೇ ನೋಡೋಣ. ನೀರು ಕುದಿಯುವಾಗ ಏಳುವ ಗುಳ್ಳೆಯೊಳಗಿರುವುದು ನೀರಿನ ಆವಿಯೇ, ಭೌತಿಕ ಬದಲಾವಣೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏಳುವ ಗುಳ್ಳೆ, ಒತ್ತಡದಲ್ಲಿ ನೀರಿನೊಳಗೆ ಅಡಗಿಸಿದ್ದ ಅನಿಲ ಹೊರಬಂದದ್ದು. ಅದೂ ಮುಖ್ಯವಾಗಿ ಭೌತಿಕವೇ. ಅಡುಗೆ ಸೋಡಾದ ಮೇಲೆ ನಿಂಬೆರಸ ಬಿದ್ದಾಗ ಏಳುವ ಗುಳ್ಳೆ ಮಾತ್ರ ಹೊಸದಾಗಿ ಹುಟ್ಟಿದ ಅನಿಲದ್ದು. ಮೂರೂ ಕಡೆ ಕಣ್ಣಿಗೆ ಕಂಡದ್ದು ಗುಳ್ಳೆ. ಅನಿಲ ಮೊದಲೇ ಅಲ್ಲಿತ್ತೋ, ಈಗ ಹುಟ್ಟಿತೋ ಎಂಬುದೇ ಪ್ರಶ್ನೆ.

ಬೆಳಕಿಗೂ ಇದೇ ಮಾತು ಸಲ್ಲುತ್ತದೆ. ಹಳೆಯ ಬಗೆಯ ವಿದ್ಯುತ್ ಬಲ್ಬಿನ ತಂತಿ ಉರಿದಂತೆ ಕಂಡರೂ ಸುಡುವುದಿಲ್ಲ. ಕಾದು ಹೊಳೆಯುತ್ತದೆ, ಆರಿಸಿದರೆ ಅದೇ ತಂತಿ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣವೂ ತಣಿದ ಮೇಲೆ ಕಬ್ಬಿಣವೇ. ಆದರೆ ಬಡಿಯುವಾಗ ಅದರಿಂದ ಉದುರುವ ಕಪ್ಪು ಚಕ್ಕೆ ಕಬ್ಬಿಣವಲ್ಲ. ಕಾದ ಮೈಗೆ ಗಾಳಿಯ ಆಮ್ಲಜನಕ ತಗುಲಿ ಆದ ಆಕ್ಸೈಡ್.

ನಮ್ಮ ಮಾತಿನ ಬಲ, ಮಾತಿನ ಬಲೆ

ಈ ಪಾಠದಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಎಡವುವ ಕೆಲವು ಜಾಗಗಳು ನಮ್ಮ ಭಾಷೆಯದ್ದೇ. ಅವನ್ನು ಮುಚ್ಚಿಡುವುದಕ್ಕಿಂತ ಬಿಡಿಸಿ ಹೇಳುವುದು ಒಳ್ಳೆಯದು. ಮನೆಯಲ್ಲಿ ತುಳು, ಕೊಂಕಣಿ, ಬಡಗ, ಮರಾಠಿ ಇಲ್ಲವೇ ತೆಲುಗು ಆಡುವ ಮಕ್ಕಳಿಗಂತೂ ಇದು ಇನ್ನೂ ಅಗತ್ಯ.

‘ಕರಗು’ ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಬೆಣ್ಣೆ ಕರಗುತ್ತದೆ, ಅದು ಘನ ದ್ರವವಾದದ್ದು, ಪುಸ್ತಕದ ಮಾತಿನಲ್ಲಿ ದ್ರವೀಕರಣ. ಉಪ್ಪು ನೀರಿನಲ್ಲಿ ಕರಗುತ್ತದೆ. ಅದು ವಿಲೀನವಾದದ್ದು, ಉಪ್ಪು ನೀರಿನಂತೆ ದ್ರವವಾದದ್ದಲ್ಲ. ಮೊಟ್ಟೆಯ ಚಿಪ್ಪನ್ನು ವಿನೆಗರಿನಲ್ಲಿ ಒಂದು ದಿನ ನೆನೆಸಿದರೆ ಅದೂ ‘ಕರಗಿತು’ ಎನ್ನುತ್ತೇವೆ. ಆದರೆ ಅಲ್ಲಿ ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಆಮ್ಲದೊಡನೆ ವರ್ತಿಸಿ, ಗುಳ್ಳೆಗಳನ್ನು ಬಿಟ್ಟು, ಬೇರೆ ವಸ್ತುವೇ ಆಗಿದೆ. ಪರೀಕ್ಷಿಸುವ ದಾರಿ ಸುಲಭ: ನೀರನ್ನು ಆರಿಸಿ ಏನು ಉಳಿಯುತ್ತದೆ ನೋಡುವುದು. ಉಪ್ಪುನೀರನ್ನು ತಟ್ಟೆಯಲ್ಲಿಟ್ಟು ಬಿಸಿಲಿಗೆ ಆರಿಸಿದರೆ ಉಪ್ಪೇ ಉಳಿಯುತ್ತದೆ. ವಿನೆಗರನ್ನು ಆರಿಸಿದರೆ ಮೊಟ್ಟೆಯ ಚಿಪ್ಪು ಮರಳಿ ಬರುವುದಿಲ್ಲ; ಉಳಿಯುವುದು ಕ್ಯಾಲ್ಸಿಯಂ ಅಸಿಟೇಟ್ ಎಂಬ ಹೊಸ ಲವಣ.

‘ಹೆಪ್ಪು’ ಇನ್ನೊಂದು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಕಾಸರಗೋಡಿನವರಿಗೆ ಇದು ಅಪರೂಪದ ನೋಟ, ನೀಲಗಿರಿಯವರಿಗೆ ನಿತ್ಯದ್ದು. ಬಿಸಿಲಿಗಿಟ್ಟರೆ ಮತ್ತೆ ಎಣ್ಣೆ, ಭೌತಿಕ ಬದಲಾವಣೆ. ಹಾಲಿಗೆ ಹೆಪ್ಪು ಹಾಕಿದಾಗ ಆಗುವುದು ಬೇರೆಯೇ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ, ಆ ಹುಳಿಗೆ ಹಾಲಿನ ಪ್ರೋಟೀನ್ ಕೂಡಿಕೊಂಡು ಗಟ್ಟಿಯಾಗುತ್ತದೆ. ಮೊಸರನ್ನು ಕಡೆದು ಬೆಣ್ಣೆ ತೆಗೆಯುವುದೋ ಮತ್ತೆ ಭೌತಿಕ, ಏಕೆಂದರೆ ಬೆಣ್ಣೆಯ ಕೊಬ್ಬು ಹಾಲಿನಲ್ಲೇ ಇತ್ತು. ಕಡೆಗೋಲು ಅದನ್ನು ಒಟ್ಟುಗೂಡಿಸಿತು ಅಷ್ಟೆ.

‘ಅರಳು’ ಎಂಬುದನ್ನೂ ಗಮನಿಸಬೇಕು. ಸುಣ್ಣ ಅರಳುವುದು ರಾಸಾಯನಿಕವೆಂದು ಮೇಲೆ ನೋಡಿದೆವು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ನಾಗರ ಪಂಚಮಿಗೆ ಜೋಳವನ್ನು ಹುರಿದು ಅರಳು ಮಾಡುತ್ತಾರೆ. ಅಲ್ಲಿ ಕಾಳಿನೊಳಗಿನ ತೇವ ಆವಿಯಾಗಿ, ಒತ್ತಡ ಹೆಚ್ಚಿ ಕಾಳು ಸಿಡಿಯುತ್ತದೆ. ಸಿಡಿದದ್ದು ಮುಖ್ಯವಾಗಿ ಭೌತಿಕ ಬದಲಾವಣೆ. ಹುರಿದ ಘಮ ಮತ್ತು ಕಂದು ಚುಕ್ಕೆ ಮಾತ್ರ ರಾಸಾಯನಿಕ.

ಹೆಚ್ಚು ಹಾನಿ ಮಾಡುವ ಪದ ‘ಒಣಗು’. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ದೊಡ್ಡವರೂ ನಂಬಿರುತ್ತಾರೆ. ಹಾಗಿದ್ದರೆ ಮೇಸ್ತ್ರಿ ಹೊಸ ತಾರಸಿಯ ಮೇಲೆ ದಿನಗಟ್ಟಲೆ ನೀರು ನಿಲ್ಲಿಸುವುದೇಕೆ? ಸಿಮೆಂಟಿನ ಕಣಗಳು ನೀರಿನೊಡನೆ ವರ್ತಿಸಿ ಹೊಸ ಹರಳುಗಳಾಗಿ ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಕಾಂಕ್ರೀಟು ಗಟ್ಟಿಯಾಗುತ್ತದೆ. ನೀರು ಬೇಗ ಆರಿದರೆ ಆ ಕ್ರಿಯೆ ಅರ್ಧಕ್ಕೇ ನಿಂತು ತಾರಸಿ ಬಿರುಕು ಬಿಡುತ್ತದೆ. ಕಾಂಕ್ರೀಟಿನ ಬಲವನ್ನು 28ನೆಯ ದಿನ ಅಳೆಯುವ ವಾಡಿಕೆಯೂ ಈ ನಿಧಾನದ ಕ್ರಿಯೆಯಿಂದಲೇ ಬಂದದ್ದು. ಮಣ್ಣಿನ ಗೋಡೆ ಮಾತ್ರ ನಿಜವಾಗಿ ಒಣಗಿ ಗಟ್ಟಿಯಾಗುವಂಥದು. ಮಳೆ ಹೊಡೆದರೆ ಮತ್ತೆ ಕೆಸರು. ಹಸಿ ಇಟ್ಟಿಗೆಯೂ ಹಾಗೆಯೇ. ಅದೇ ಇಟ್ಟಿಗೆಯನ್ನು ಗೂಡಿನಲ್ಲಿ ಸುಟ್ಟರೆ ಜೇಡಿಯ ಕಣಗಳೊಳಗೆ ಬಂಧಿಯಾಗಿದ್ದ ನೀರೂ ಹೊರಟು ಕಣಗಳು ಬೆಸೆದುಕೊಳ್ಳುತ್ತವೆ. ಅದನ್ನು ಎಷ್ಟು ನೆನೆಸಿದರೂ ಮಣ್ಣಾಗದು. ಹಸಿ ಇಟ್ಟಿಗೆಯ ತುಂಡೊಂದನ್ನು, ಸುಟ್ಟ ಇಟ್ಟಿಗೆಯ ತುಂಡೊಂದನ್ನು ಎರಡು ಬಟ್ಟಲು ನೀರಿನಲ್ಲಿಟ್ಟು ಮಗುವಿಗೆ ತೋರಿಸಿದರೆ ಅರ್ಧ ಪಾಠ ಮುಗಿಯಿತು.

ಭಾಷೆ ನೆರವಾಗುವ ಕಡೆಗಳೂ ಇವೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು. ಹೊಸ ವಸ್ತುವಿಗೆ ಹೊಸ ಹೆಸರನ್ನೇ ಕೊಟ್ಟಿದ್ದೇವೆ. ಹಾಲು-ಮೊಸರು, ಸೌದೆ-ಬೂದಿ, ಎಣ್ಣೆ-ಕಾಡಿಗೆ ಜೋಡಿಗಳೂ ಹಾಗೆಯೇ. ಹೆಸರೇ ಬದಲಾಗಿದ್ದರೆ ರಾಸಾಯನಿಕವೇ ಎಂದು ಮಾತ್ರ ತಿಳಿಯಬಾರದು: ಮಂಜು, ನೀರು, ಆವಿ ಮೂರು ಹೆಸರಿನ ಒಂದೇ ವಸ್ತು. ಕರಾವಳಿಯ ಊಟದ ಬಾಳೆಹಣ್ಣಿನ ರಸಾಯನದಲ್ಲಂತೂ ಹೆಸರಿನಲ್ಲಷ್ಟೇ ರಸಾಯನವಿದೆ. ಹಣ್ಣು, ಕಾಯಿಹಾಲು, ಬೆಲ್ಲ ಬರಿದೆ ಬೆರೆತಿವೆ.

ಎರಡೂ ಒಟ್ಟಿಗೆ ನಡೆಯುವಲ್ಲಿ

ಪರೀಕ್ಷೆಯಲ್ಲಿ ‘ಮೇಣದಬತ್ತಿ ಉರಿಯುವುದು ಯಾವ ಬದಲಾವಣೆ’ ಎಂದು ಕೇಳಿದರೆ ಎರಡೂ ಎಂಬುದೇ ಸರಿಯಾದ ಉತ್ತರ. ಮೇಣ ದ್ರವವಾಗಿ, ಆವಿಯಾಗುವುದು ಭೌತಿಕ; ಆ ಆವಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುವುದು ರಾಸಾಯನಿಕ. ಕರ್ಪೂರದಲ್ಲಿ ಈ ಎರಡನ್ನೂ ಬೇರ್ಪಡಿಸಿ ನೋಡಬಹುದು. ಡಬ್ಬಿಯಲ್ಲಿಟ್ಟ ಬಿಲ್ಲೆ ದಿನ ಕಳೆದಂತೆ ಸಣ್ಣದಾಗುತ್ತದೆ. ದ್ರವವಾಗದೆ ನೇರವಾಗಿ ಆವಿಯಾದದ್ದು. ಆರತಿಯ ಹಲಗೆಯ ಮೇಲಿನ ಬಿಲ್ಲೆ ಉರಿದು ಇಲ್ಲವಾಗುತ್ತದೆ. ಎರಡೂ ಕಡೆ ಬಿಲ್ಲೆ ಮಾಯವಾಯಿತು. ಒಂದರಲ್ಲಿ ಕರ್ಪೂರ ಗಾಳಿಯಲ್ಲಿದೆ, ಆದ್ದರಿಂದಲೇ ಡಬ್ಬಿ ತೆರೆದರೆ ಅದರ ಪರಿಮಳ. ಇನ್ನೊಂದರಲ್ಲಿ ಕರ್ಪೂರವೇ ಇಲ್ಲ.

ರೊಟ್ಟಿ ಉಬ್ಬುವುದು ಆವಿಯಿಂದ, ಕಂದಾಗುವುದು ಹೊಸ ವಸ್ತುಗಳಿಂದ. ತಾಮ್ರದ ಬಿಂದಿಗೆಯನ್ನು ಮರಳು ಹಾಕಿ ತಿಕ್ಕಿದರೆ ಕಿಲುಬು ಉಜ್ಜಿಹೋಯಿತು, ಅದು ಭೌತಿಕ. ಹುಣಸೆಹಣ್ಣು ಹಚ್ಚಿದರೆ ಅದರ ಟಾರ್ಟಾರಿಕ್ ಆಮ್ಲ ಕಿಲುಬಿನೊಡನೆ ವರ್ತಿಸಿ ಅದನ್ನು ತೊಳೆದುಹೋಗುವ ವಸ್ತುವಾಗಿ ಮಾರ್ಪಡಿಸುತ್ತದೆ. ತಾಯಂದಿರು ಒಂದೇ ಬಿಂದಿಗೆಯ ಮೇಲೆ ಎರಡನ್ನೂ ಪ್ರಯೋಗಿಸುತ್ತಾರೆ.

ತುಕ್ಕಿನ ಮೂರು ಬಾಟಲಿ

ಮನೆಯಲ್ಲಿ ಒಂದೇ ಪ್ರಯೋಗ ಮಾಡಿಸುವುದಾದರೆ ಇದನ್ನು ಮಾಡಿಸಬಹುದು. ಸತುವಿನ ಲೇಪವಿಲ್ಲದ ಸಾಧಾರಣ ಕಬ್ಬಿಣದ ಮೊಳೆಗಳು ಮತ್ತು ಮೂರು ಸಣ್ಣ ಗಾಜಿನ ಬಾಟಲಿ ಸಾಕು. ಮೊದಲನೆಯದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ನೀರು ಹಾಕಿ ತೆರೆದಿಡಬೇಕು. ಎರಡನೆಯದರಲ್ಲಿ ಚೆನ್ನಾಗಿ ಕುದಿಸಿ ಆರಿಸಿದ ನೀರಿನಲ್ಲಿ ಮೊಳೆಯನ್ನು ಪೂರ್ತಿ ಮುಳುಗಿಸಿ, ಮೇಲೆ ಒಂದು ಪದರ ಎಣ್ಣೆ ಬಿಡಬೇಕು. ಮೂರನೆಯದರಲ್ಲಿ ನೀರು ಹಾಕದೆ, ಹೊಸ ಪಾದರಕ್ಷೆಯ ಪೆಟ್ಟಿಗೆಯಲ್ಲಿ ಬರುವ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಮೊಳೆಯೊಡನೆ ಇಟ್ಟು ಬಿಗಿಯಾಗಿ ಮುಚ್ಚಬೇಕು. ಒಂದು ವಾರದಲ್ಲಿ ಮೊದಲನೆಯ ಮೊಳೆಗೆ ಸ್ಪಷ್ಟವಾಗಿ ತುಕ್ಕು ಹಿಡಿದಿರುತ್ತದೆ, ಉಳಿದೆರಡು ಬಹುಮಟ್ಟಿಗೆ ಹಾಗೆಯೇ ಇರುತ್ತವೆ. ಕುದಿಸಿದ ನೀರಿನಲ್ಲಿ ಗಾಳಿಯಿಲ್ಲ, ಮುಚ್ಚಿದ ಬಾಟಲಿಯಲ್ಲಿ ತೇವವಿಲ್ಲ. ತುಕ್ಕಿಗೆ ಎರಡೂ ಬೇಕು. ನಾಲ್ಕನೆಯ ಬಾಟಲಿಯಲ್ಲಿ ಉಪ್ಪುನೀರು ಹಾಕಿಟ್ಟರೆ ಕಡಲ ಬದಿಯ ಮನೆಗಳ ಕಿಟಕಿಯ ಸರಳುಗಳು ಏಕೆ ಬೇಗ ಹಾಳಾಗುತ್ತವೆ ಎಂಬುದಕ್ಕೂ ಉತ್ತರ ಸಿಗುತ್ತದೆ.

ತುಕ್ಕು ಹಿಡಿದ ಮೊಳೆ ಸವೆದು ಹಗುರವಾಗಿರಬೇಕೆಂದು ಮಕ್ಕಳು ಊಹಿಸುತ್ತಾರೆ. ತುಕ್ಕು ಉದುರದಂತೆ ತೂಗಿದರೆ ತೂಕ ಹೆಚ್ಚಿರುತ್ತದೆ. ಗಾಳಿಯ ಆಮ್ಲಜನಕವೂ ನೀರೂ ಬಂದು ಸೇರಿವೆ. ಸೌದೆ ಉರಿದಾಗ ಬೂದಿ ಹಗುರವಾಗಿರುವುದು ಅನಿಲಗಳು ಹೊರಟುಹೋದದ್ದರಿಂದ. ಸೇರಿದ್ದನ್ನೂ ಹೋದದ್ದನ್ನೂ ಲೆಕ್ಕಕ್ಕೆ ಹಿಡಿದರೆ ಒಟ್ಟು ತೂಕ ಬದಲಾಗುವುದಿಲ್ಲ. ಫ್ರಾನ್ಸಿನ ಲವಾಸಿಯೆ ತಕ್ಕಡಿ ಹಿಡಿದು ಇದನ್ನು ತೋರಿಸಿ, 1789ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನಿಯಮವಾಗಿ ನಿಲ್ಲಿಸಿದನು.

ಗಡಿಯ ಮೇಲಿನ ಪ್ರಶ್ನೆಗಳು

ಎಲ್ಲ ಬದಲಾವಣೆಗಳೂ ಎರಡೇ ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಕೂರುವುದಿಲ್ಲ. ಮೊಟ್ಟೆ ಬೇಯುವಾಗ ಪ್ರೋಟೀನಿನ ಉದ್ದನೆಯ ಎಳೆಗಳು ಬಿಚ್ಚಿಕೊಂಡು ಪರಸ್ಪರ ಸಿಕ್ಕಿಕೊಳ್ಳುತ್ತವೆ. ಪಠ್ಯಗಳು ಇದನ್ನು ರಾಸಾಯನಿಕ ಎನ್ನುತ್ತವೆ, ಶಾಲೆಯ ಮಟ್ಟಿಗೆ ಹಾಗೆಯೇ ಬರೆಯುವುದು ಸರಿ. ಉಪ್ಪು ನೀರಿನಲ್ಲಿ ಕರಗುವುದನ್ನು ಭೌತಿಕ ಎನ್ನುತ್ತೇವೆ; ಉಪ್ಪಿನ ಹರಳು ನೀರಿನಲ್ಲಿ ಅಯಾನುಗಳಾಗಿ ಬೇರೆಯಾಗುವುದನ್ನು ಮುಂದೆ ಕಲಿತಾಗ ವಿದ್ಯಾರ್ಥಿ ಈ ವರ್ಗೀಕರಣವನ್ನೇ ಪ್ರಶ್ನಿಸಬಹುದು. ಪ್ರಶ್ನಿಸಲಿ. ಇಂಥ ಕಡೆ ಒಂದೇ ಪದದ ಉತ್ತರಕ್ಕಿಂತ ‘ಏಕೆಂದರೆ’ ಎಂದು ಆರಂಭವಾಗುವ ಎರಡನೆಯ ವಾಕ್ಯವನ್ನು ಬರೆಯಿಸಿ ಅಭ್ಯಾಸ ಮಾಡಿಸುವುದು ನಮ್ಮ ಶಿಕ್ಷಕರ ಹೊಣೆ. ಆ ಎರಡನೆಯ ವಾಕ್ಯಕ್ಕೆ ಬೇಕಾದ ಕನ್ನಡ ಮಕ್ಕಳಲ್ಲಿ ಇದೆ.

ಕಾಸರಗೋಡಿನ ಮಕ್ಕಳಿಗೆ ಮನೆಯ ಗೋಡೆಯಲ್ಲೇ ಇಂಥದೊಂದು ಪ್ರಶ್ನೆಯಿದೆ. ಮುರಕಲ್ಲನ್ನು ನೆಲದಿಂದ ಕಡಿಯುವಾಗ ಅದು ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಡುಸಾಗುತ್ತದೆ. ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ಈಗ ಮಲಪ್ಪುರಂ ಜಿಲ್ಲೆಯಲ್ಲಿರುವ ಅಂಗಾಡಿಪ್ಪುರಂನಲ್ಲಿ ಕಂಡ ಈ ಕಲ್ಲಿಗೆ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟನು. ಕಲ್ಲಿನ ತೇವ ಆರುವುದು ಭೌತಿಕ. ಆದರೆ ಅದರೊಳಗಿನ ಕಬ್ಬಿಣದ ಸಂಯುಕ್ತಗಳು ತಮ್ಮಲ್ಲಿ ಬಂಧಿತವಾಗಿದ್ದ ನೀರನ್ನೂ ಕಳೆದುಕೊಂಡು ಹೊಸದಾಗಿ ಹರಳುಗಟ್ಟುವುದು ರಾಸಾಯನಿಕ. ಒಮ್ಮೆ ಹಾಗೆ ಗಡುಸಾದ ಕಲ್ಲು ಎಷ್ಟು ಮಳೆಗಾಲ ನೆನೆದರೂ ಕಡಿದ ದಿನದ ಮೆತುವಿಗೆ ಹಿಂದಿರುಗುವುದಿಲ್ಲ.